ಹೆಪ್ಪು ತಡೆಯುವ ಮಾತ್ರೆ: ತೆಗೆದುಕೊಳ್ಳಬೇಕೇ, ಬೇಡವೇ?

ನಿಮ್ಮ ಮನೆಯ ಹಿರಿಯರ ನಾಡಿಯನ್ನು ಎಂದಾದರೂ ಹಿಡಿದು ನೋಡಿದ್ದೀರಾ? ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿರಿ. ಆರೋಗ್ಯವಂತರ ನಾಡಿ ಗೋಡೆ ಗಡಿಯಾರದಂತೆ ಒಂದೇ ಸಮನೆ ಮಿಡಿಯುತ್ತದೆ. ಕೆಲವರದು ಹಾಗಿರುವುದಿಲ್ಲ. ಎರಡು ಬಡಿತ ಬೇಗ ಬರುತ್ತದೆ, ಒಂದು ತಡವಾಗುತ್ತದೆ, ನಡುವೆ ಒಂದು ಮಾಯವಾಗುತ್ತದೆ. ಯಾವ ಲೆಕ್ಕಕ್ಕೂ ಸಿಗದ ಈ ಬಡಿತ ನಮ್ಮ ಹಿಂದಿನ ಹಕೀಮರಿಗೂ ಗೊತ್ತಿತ್ತು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ನಾಡಿಯನ್ನು ವಿಂಗಡಿಸುವಾಗ ಕ್ರಮಬದ್ಧವಾದುದನ್ನೂ ಕ್ರಮ ತಪ್ಪಿದುದನ್ನೂ ಬೇರೆ ಬೇರೆಯಾಗಿಯೇ ಇಟ್ಟರು.

ಇಂದಿನ ವೈದ್ಯರು ಇಸಿಜಿ ತೆಗೆದು ಇದಕ್ಕೆ ‘ಏಟ್ರಿಯಲ್ ಫಿಬ್ರಿಲೇಶನ್’ ಎನ್ನುತ್ತಾರೆ. ಚೀಟಿಯಲ್ಲಿ ಚುಟುಕಾಗಿ ‘ಎಎಫ್’ ಎಂದು ಬರೆಯುತ್ತಾರೆ. ಅದರ ಕೆಳಗೆ ಒಂದು ಮಾತ್ರೆಯ ಹೆಸರು ಬರುತ್ತದೆ. ‘ಇದನ್ನು ನಿಲ್ಲಿಸಬಾರದು’ ಎಂಬ ಎಚ್ಚರಿಕೆಯೂ ಇರುತ್ತದೆ. ಅಲ್ಲಿಂದಲೇ ಮನೆಯಲ್ಲಿ ಚರ್ಚೆ ಶುರು. ರಕ್ತ ತೆಳುವಾದರೆ ಗಾಯವಾದಾಗ ಏನು ಗತಿ? ಇಷ್ಟು ವಯಸ್ಸಾದವರಿಗೆ ಇದೆಲ್ಲ ಬೇಕೇ? ಎದೆನೋವಿಲ್ಲ, ಸುಸ್ತಿಲ್ಲ, ಮತ್ತೇಕೆ ಜೀವನಪೂರ್ತಿ ಮಾತ್ರೆ?

ನಾನು ವಾಸಿಸುವ ತುಮಕೂರಿನ ಸತ್ಯಮಂಗಲದ ಕಡೆಯ ಮನೆಗಳಲ್ಲಿ ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿದ್ದೇನೆ. ಇಲ್ಲಿಂದ ಬೆಂಗಳೂರು ಸುಮಾರು ಎಪ್ಪತ್ತು ಕಿಲೋಮೀಟರ್. ಜಯದೇವ ಹೃದ್ರೋಗ ಸಂಸ್ಥೆಗೆ ಬೆಳಿಗ್ಗೆ ಹೋಗಿ ಸಂಜೆ ಮರಳುವವರು ಬಹಳ. ಅಲ್ಲಿ ತಜ್ಞರ ಮುಂದೆ ಕೂರಲು ಸಿಗುವುದು ಕೆಲವೇ ನಿಮಿಷ. ಉಳಿದ ಪ್ರಶ್ನೆಗಳನ್ನೆಲ್ಲ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮಸೀದಿಯ ಅಂಗಳದಲ್ಲಿ ನಾವು ನಾವೇ ಕೇಳಿಕೊಂಡು ನಾವೇ ಉತ್ತರಿಸಿಕೊಳ್ಳುತ್ತೇವೆ. ಉತ್ತರ ತಪ್ಪಿದರೆ ಅದರ ಬೆಲೆ ತೆರುವವರು ಮಾತ್ರ ನಮ್ಮ ಹಿರಿಯರು.

ಹೃದಯದಲ್ಲಿ ಏನಾಗುತ್ತದೆ?

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಕೋಣೆಗಳು ಹಿಂಡಿ ರಕ್ತವನ್ನು ಕೆಳಗೆ ಕಳಿಸಬೇಕು. ಎಎಫ್ ಇದ್ದಾಗ ಅವು ಹಿಂಡುವ ಬದಲು ಸುಮ್ಮನೆ ಕಂಪಿಸುತ್ತಿರುತ್ತವೆ. ಆಗ ರಕ್ತ ಪೂರ್ತಿಯಾಗಿ ಮುಂದೆ ಸಾಗುವುದಿಲ್ಲ. ಎಡ ಮೇಲ್ಕೋಣೆಗೆ ಅಂಟಿಕೊಂಡು ಕಿವಿಯಾಕಾರದ ಒಂದು ಪುಟ್ಟ ಚೀಲವಿದೆ. ರಕ್ತ ಹೆಚ್ಚಾಗಿ ನಿಲ್ಲುವುದು ಅಲ್ಲಿ. ಹರಿಯದ ನೀರು ಪಾಚಿಗಟ್ಟುವಂತೆ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರೊಂದು ಕಳಚಿ ಮೆದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಅದೇ ಪಾರ್ಶ್ವವಾಯು. ನಮ್ಮ ಮನೆಗಳಲ್ಲಿ ಅದನ್ನು ಲಕ್ವಾ ಎನ್ನುತ್ತೇವೆ.

ಎಎಫ್ ಇರುವವರಿಗೆ ಪಾರ್ಶ್ವವಾಯುವಿನ ಸಂಭವ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಹೃದಯದಿಂದ ಬಂದ ಹೆಪ್ಪು ದೊಡ್ಡದಾಗಿರುವುದರಿಂದ ಇಂತಹ ಪಾರ್ಶ್ವವಾಯು ಸಾಮಾನ್ಯವಾಗಿ ತೀವ್ರವಾಗಿಯೇ ಇರುತ್ತದೆ. ‘ಎದೆನೋವಿಲ್ಲವಲ್ಲ’ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ. ಹೆಪ್ಪು ಕಟ್ಟುವಾಗ ನೋಯುವುದೇ ಇಲ್ಲ.

ಇನ್ನೊಂದು ಮಾತು. ‘ರಕ್ತ ತೆಳು ಮಾಡುವ ಮಾತ್ರೆ’ ಎಂಬ ಹೆಸರೇ ಅರ್ಧ ಭಯಕ್ಕೆ ಕಾರಣ. ಈ ಮಾತ್ರೆಗಳು ರಕ್ತವನ್ನು ನೀರು ಮಾಡುವುದಿಲ್ಲ. ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ನಿಧಾನ ಮಾಡುತ್ತವೆ, ಅಷ್ಟೆ.

ಕಾಣುವ ಭಯ, ಕಾಣದ ಭಯ

ಮಾತ್ರೆ ತೆಗೆದುಕೊಂಡವರಿಗೆ ಹಲ್ಲುಜ್ಜುವಾಗ ರಕ್ತ ಬಂದರೆ ಮನೆಯವರೆಲ್ಲ ನೋಡುತ್ತಾರೆ. ತೋಳಿನ ಮೇಲೆ ನೀಲಿ ಕಲೆ ಕಂಡರೆ ಗಾಬರಿಯಾಗುತ್ತಾರೆ. ಆದರೆ ಮಾತ್ರೆಯಿಂದ ತಪ್ಪಿಹೋದ ಪಾರ್ಶ್ವವಾಯುವನ್ನು ಯಾರೂ ನೋಡುವುದಿಲ್ಲ. ಬಾರದೇ ಹೋದ ಆಪತ್ತಿಗೆ ಸಾಕ್ಷಿಗಳಿರುವುದಿಲ್ಲ. ಹೀಗಾಗಿ ಕಾಣುವ ಭಯ ಕಾಣದ ಭಯವನ್ನು ಗೆಲ್ಲುತ್ತದೆ, ಮಾತ್ರೆ ಕಪಾಟಿನಲ್ಲಿ ಉಳಿಯುತ್ತದೆ. ‘ಮಾತ್ರೆ ಬೇಡ’ ಎಂದಾಗ ಯಾವ ಅಪಾಯವನ್ನೂ ಆರಿಸಿಕೊಂಡಿಲ್ಲ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಆಗಲೂ ಒಂದು ಅಪಾಯವನ್ನು ಆರಿಸಿಕೊಂಡೇ ಇರುತ್ತೇವೆ.

ಹಾಗಾದರೆ ತೂಗಿ ನೋಡುವುದು ಹೇಗೆ? ವೈದ್ಯರ ಬಳಿ ಒಂದು ಸರಳ ಲೆಕ್ಕವಿದೆ. ಹೃದಯದ ವೈಫಲ್ಯವಿದ್ದರೆ ಒಂದು ಅಂಕ. ರಕ್ತದೊತ್ತಡಕ್ಕೆ ಒಂದು. ಸಕ್ಕರೆ ಕಾಯಿಲೆಗೆ ಒಂದು. ಹೃದಯಾಘಾತದಂತಹ ರಕ್ತನಾಳದ ಕಾಯಿಲೆಗೆ ಒಂದು. ವಯಸ್ಸು 65ರಿಂದ 74 ಆಗಿದ್ದರೆ ಒಂದು, 75 ದಾಟಿದ್ದರೆ ಎರಡು. ಹಿಂದೆ ಪಾರ್ಶ್ವವಾಯು ಆಗಿದ್ದರೆ ಎರಡು. ಮೊದಲು ಸ್ತ್ರೀಯರಿಗೆಂದು ಒಂದು ಅಂಕ ಸೇರಿಸುತ್ತಿದ್ದರು. ಯುರೋಪಿನ ಹೃದ್ರೋಗ ತಜ್ಞರ 2024ರ ಮಾರ್ಗಸೂಚಿ ಅದನ್ನು ಕೈಬಿಟ್ಟಿದೆ. ಒಟ್ಟು ಎರಡು ಅಥವಾ ಹೆಚ್ಚು ಬಂದರೆ ಮಾತ್ರೆ ತೆಗೆದುಕೊಳ್ಳುವಂತೆ ಸಲಹೆ ನೀಡುತ್ತಾರೆ. ಒಂದು ಬಂದರೆ ಚರ್ಚಿಸಿ ತೀರ್ಮಾನಿಸಬೇಕು. ಸೊನ್ನೆಯಾದರೆ ಸಾಮಾನ್ಯವಾಗಿ ಅಗತ್ಯವಿಲ್ಲ. ಅಂದರೆ ಎಎಫ್ ಇರುವ ಎಲ್ಲರಿಗೂ ಈ ಮಾತ್ರೆ ಬೇಕೆಂದಿಲ್ಲ.

ಎಪ್ಪತ್ತು ವರ್ಷದ ಒಬ್ಬ ತಾಯಿಯನ್ನು ತೆಗೆದುಕೊಳ್ಳಿ. ಅವರಿಗೆ ಬಿಪಿ ಇದೆ, ಶುಗರ್ ಇದೆ. ಮೂರು ಅಂಕವಾಯಿತು. ಅಂತಹ ನೂರು ಮಂದಿ ಮಾತ್ರೆ ಇಲ್ಲದೆ ಇದ್ದರೆ ವರ್ಷಕ್ಕೆ ಸುಮಾರು ಮೂರು ನಾಲ್ಕು ಮಂದಿಗೆ ಪಾರ್ಶ್ವವಾಯು ತಗಲುತ್ತದೆ. ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೆ ಅದು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಒಂದು ವರ್ಷಕ್ಕೆ ಇದು ಚಿಕ್ಕ ಸಂಖ್ಯೆ ಎನಿಸಬಹುದು. ಆದರೆ ಎಎಫ್ ಒಂದು ವರ್ಷದ ಕಾಯಿಲೆಯಲ್ಲ. ಹತ್ತು ವರ್ಷಕ್ಕೆ ಕೂಡಿಸಿ ನೋಡಿರಿ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡೋಣ. 2011ರಲ್ಲಿ ಪ್ರಕಟವಾದ, ಹದಿನೆಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಒಂದು ದೊಡ್ಡ ಅಧ್ಯಯನದಲ್ಲಿ ಗಂಭೀರ ರಕ್ತಸ್ರಾವ ಕಂಡದ್ದು ವರ್ಷಕ್ಕೆ ನೂರರಲ್ಲಿ ಎರಡು ಮೂರು ಮಂದಿಗೆ. ಹಳೆಯ ಮಾತ್ರೆ ವಾರ್ಫರಿನ್‌ನಲ್ಲಿ ಮೂರು, ಹೊಸ ಮಾತ್ರೆ ಅಪಿಕ್ಸಬಾನ್‌ನಲ್ಲಿ ಎರಡು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹೊಟ್ಟೆ ಕರುಳಿನಿಂದ ಆಗುವ ರಕ್ತಸ್ರಾವಕ್ಕೆ ಬಹಳ ಸಲ ಚಿಕಿತ್ಸೆ ಮಾಡಿ ಮನೆಗೆ ಕಳಿಸುತ್ತಾರೆ. ಸತ್ತುಹೋದ ಮೆದುಳಿನ ಭಾಗವನ್ನು ಮರಳಿ ತರುವ ಔಷಧ ಮಾತ್ರ ಯಾರ ಬಳಿಯೂ ಇಲ್ಲ. ನಿಜವಾಗಿ ಭಯಪಡಬೇಕಾದದ್ದು ಮೆದುಳಿನೊಳಗಿನ ರಕ್ತಸ್ರಾವ. ಅದು ಹೊಸ ಮಾತ್ರೆಗಳಲ್ಲಿ ವಾರ್ಫರಿನ್‌ಗಿಂತ ಸುಮಾರು ಅರ್ಧದಷ್ಟು ಕಡಿಮೆ.

‘ಅಬ್ಬಾ ಬಚ್ಚಲಲ್ಲಿ ಜಾರಿ ಬಿದ್ದರೆ?’ ಎಂಬುದು ಮಕ್ಕಳ ದೊಡ್ಡ ಆತಂಕ. 1999ರಲ್ಲಿ ಕೆನಡಾದ ವೈದ್ಯರು ಇದನ್ನೇ ಲೆಕ್ಕ ಹಾಕಿದರು. ವಾರ್ಫರಿನ್‌ನ ಲಾಭಕ್ಕಿಂತ ಬೀಳುವುದರ ಅಪಾಯ ಹೆಚ್ಚಾಗಬೇಕಾದರೆ ಒಬ್ಬ ವ್ಯಕ್ತಿ ವರ್ಷಕ್ಕೆ ಸುಮಾರು 295 ಸಲ ಬೀಳಬೇಕೆಂದು ಅವರಿಗೆ ಕಂಡಿತು. ಇದು ಕಾಗದದ ಮೇಲಿನ ಲೆಕ್ಕ, ನಿಜ. ಆದರೂ ಬೀಳುವ ಭಯವೊಂದನ್ನೇ ಕಾರಣ ಮಾಡಿಕೊಂಡು ಮಾತ್ರೆ ಬಿಡುವುದು ಸರಿಯಲ್ಲ ಎಂಬುದನ್ನು ಅದು ತೋರಿಸುತ್ತದೆ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ರಾತ್ರಿ ದೀಪ ಉರಿಯಲಿ.

‘ಅದು ಇಲಿ ಪಾಷಾಣವಂತೆ!’

ಈ ಮಾತನ್ನು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ಕೆಟ್ಟುಹೋದ ಒಣ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. 1933ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಹಿಮಬಿರುಗಾಳಿಯ ನಡುವೆ ಸತ್ತ ಹಸುವನ್ನೂ ಒಂದು ಕ್ಯಾನ್ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಬಾಗಿಲಿಗೆ ಬಂದ. ಆ ಹುಡುಕಾಟದಿಂದ ಕೊನೆಗೆ ವಾರ್ಫರಿನ್ ಹುಟ್ಟಿತು. 1948ರಲ್ಲಿ ಅದು ಇಲಿ ಪಾಷಾಣವಾಗಿಯೇ ಮಾರುಕಟ್ಟೆಗೆ ಬಂತು. 1950ರ ದಶಕದಲ್ಲಿ ಮನುಷ್ಯರಿಗೆ ಔಷಧವಾಯಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರು. ಯಾವುದು ವಿಷ, ಯಾವುದು ಔಷಧ ಎಂಬುದನ್ನು ಪ್ರಮಾಣ ನಿರ್ಧರಿಸುತ್ತದೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತ ಪರೀಕ್ಷೆ ಕಡ್ಡಾಯವಾಗಿರುವುದೂ ಇದಕ್ಕಾಗಿಯೇ.

ಹಳೆಯ ಮಾತ್ರೆ, ಹೊಸ ಮಾತ್ರೆ

ಹಳೆಯ ಬಗೆಯ ಮಾತ್ರೆಗಳು ವಾರ್ಫರಿನ್ ಮತ್ತು ಅಸಿನೊಕೌಮರಾಲ್. ಎರಡನೆಯದು ನಮ್ಮಲ್ಲಿ ‘ಅಸಿಟ್ರಾಂ’ ಎಂಬ ಹೆಸರಿನಿಂದ ಪರಿಚಿತ. ಇವು ಅಗ್ಗ. ಆದರೆ ‘ಐಎನ್‌ಆರ್’ ಎಂಬ ರಕ್ತ ಪರೀಕ್ಷೆಯನ್ನು ಮೊದಲು ಮೇಲಿಂದ ಮೇಲೆ, ಆಮೇಲೆ ತಿಂಗಳಿಗೊಮ್ಮೆಯಾದರೂ ಮಾಡಿಸಬೇಕು. ಎಎಫ್‌ಗೆ ಈ ಸಂಖ್ಯೆ ಎರಡರಿಂದ ಮೂರರ ನಡುವೆ ಇರಬೇಕು. ಎರಡಕ್ಕಿಂತ ಕೆಳಗಿಳಿದರೆ ರಕ್ಷಣೆ ಸಾಲದು, ಮೂರಕ್ಕಿಂತ ಬಹಳ ಮೇಲೇರಿದರೆ ರಕ್ತಸ್ರಾವದ ಭಯ. ಈ ಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ತುಮಕೂರಿನಲ್ಲೇ ಮಾಡಿಸಿ, ಫಲಿತಾಂಶವನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಹಿತ ಬರೆದಿಡಿ.

ಹೊಸ ಬಗೆಯವು ದಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಮೊದಲಾದವು. ಇವುಗಳಿಗೆ ಐಎನ್‌ಆರ್ ಪರೀಕ್ಷೆ ಬೇಡ, ಆಹಾರದ ಕಟ್ಟುಪಾಡು ಕಡಿಮೆ. ಮೂತ್ರಪಿಂಡದ ಪರೀಕ್ಷೆ ಮಾತ್ರ ಆಗಾಗ ಬೇಕು. ಮೊದಲು ಇವುಗಳ ಬೆಲೆ ಕೇಳಿಯೇ ಜನ ಹಿಂದಿರುಗುತ್ತಿದ್ದರು. ಪೇಟೆಂಟ್ ಅವಧಿ ಮುಗಿದು ಭಾರತೀಯ ಕಂಪೆನಿಗಳು ತಯಾರಿಸತೊಡಗಿದ ಮೇಲೆ ಬೆಲೆ ಬಹಳ ಇಳಿದಿದೆ. ದಾಬಿಗಾಟ್ರಾನ್ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೂ ಸೇರಿದೆ. ಜನೌಷಧಿ ಕೇಂದ್ರದಲ್ಲಿ ಒಮ್ಮೆ ಕೇಳಿ ನೋಡಿರಿ. ಒಂದು ಎಚ್ಚರಿಕೆ: ಹೊಸ ಮಾತ್ರೆಗಳ ಪರಿಣಾಮ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ. ತಿಂಗಳ ಕೊನೆಗೆ ದುಡ್ಡು ಸಾಲದೆ ನಾಲ್ಕು ದಿನ ಬಿಟ್ಟರೆ ಆ ನಾಲ್ಕು ದಿನ ಬಾಗಿಲು ತೆರೆದಿಟ್ಟಂತೆಯೇ. ಅಂತಹ ಕಷ್ಟವಿದ್ದರೆ ವೈದ್ಯರಿಗೆ ಮೊದಲೇ ಹೇಳುವುದು ಅವಮಾನವಲ್ಲ. ಅಗ್ಗದ ದಾರಿ ಇದೆ.

ಆದರೆ ‘ಹೊಸದೇ ಒಳ್ಳೆಯದು’ ಎಂದು ಎಲ್ಲರೂ ಬದಲಿಸಿಕೊಳ್ಳುವಂತಿಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಜ್ವರ ಬಂದು ಹೃದಯದ ಕವಾಟ ಕೆಟ್ಟವರು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಸ್ತ್ರೀಯರು, ಅನೇಕರು ಇನ್ನೂ ಎಳೆಯರು. ದೆಹಲಿಯ ಏಮ್ಸ್‌ನ ಡಾ. ಗಣೇಶನ್ ಕಾರ್ತಿಕೇಯನ್ ಮತ್ತು ಸಂಗಡಿಗರು 24 ದೇಶಗಳ ನಾಲ್ಕೂವರೆ ಸಾವಿರ ಇಂತಹ ರೋಗಿಗಳನ್ನು ಗಮನಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಇವರಲ್ಲಿ ರಿವರಾಕ್ಸಬಾನ್‌ಗಿಂತ ಹಳೆಯ ಬಗೆಯ ಮಾತ್ರೆಯೇ ಹೆಚ್ಚು ಜೀವ ಉಳಿಸಿತು, ಅದರಿಂದ ರಕ್ತಸ್ರಾವವೂ ಹೆಚ್ಚಲಿಲ್ಲ. ಲೋಹದ ಕವಾಟ ಹಾಕಿಸಿಕೊಂಡವರಿಗೂ ಹಳೆಯ ಬಗೆಯದೇ ಸರಿ. ಕವಾಟದ ತೊಂದರೆ ಇರುವವರಿಗೆ ಮೇಲೆ ಹೇಳಿದ ಅಂಕಗಳ ಲೆಕ್ಕವೂ ಅನ್ವಯಿಸುವುದಿಲ್ಲ. ಸಹೋದರಿಯರೇ, ಇಂತಹ ಮಾತ್ರೆ ತೆಗೆದುಕೊಳ್ಳುವ ಯುವತಿ ನಿಮ್ಮ ಮನೆಯಲ್ಲಿದ್ದರೆ ಮದುವೆಯ ಹೊತ್ತಿನಲ್ಲಿ ಅದನ್ನು ಬಚ್ಚಿಡಬೇಡಿ. ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಹಾನಿ ಮಾಡಬಲ್ಲದು. ಗರ್ಭ ಧರಿಸುವ ಮುನ್ನವೇ ಹೃದ್ರೋಗ ತಜ್ಞರನ್ನು ಕಾಣಬೇಕು. ತಾನಾಗಿಯೇ ಮಾತ್ರೆ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ.

‘ಹಾಗಾದರೆ ಆಸ್ಪಿರಿನ್ ಸಾಕು, ಅದು ಸೌಮ್ಯ’ ಎನ್ನುವವರಿದ್ದಾರೆ. ಎಎಫ್‌ನ ಮಟ್ಟಿಗೆ ಇದು ಹಳೆಯ ನಂಬಿಕೆ. 2011ರ ಇನ್ನೊಂದು ಅಧ್ಯಯನದಲ್ಲಿ ವಾರ್ಫರಿನ್ ಕೊಡಲಾಗದ ಐದೂವರೆ ಸಾವಿರ ರೋಗಿಗಳಿಗೆ ಅಪಿಕ್ಸಬಾನ್ ಅಥವಾ ಆಸ್ಪಿರಿನ್ ಕೊಟ್ಟು ನೋಡಿದರು. ಆಸ್ಪಿರಿನ್ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ಎರಡು ಪಟ್ಟಿಗಿಂತ ಹೆಚ್ಚು. ಗಂಭೀರ ರಕ್ತಸ್ರಾವ ಮಾತ್ರ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಬೇರೆ ಕಾರಣಕ್ಕೆ ಕೊಟ್ಟಿರಬಹುದು. ಅದನ್ನು ನೀವಾಗಿ ನಿಲ್ಲಿಸಬೇಡಿ, ಕೇಳಿ.

ತೀರ್ಮಾನ ಯಾರದು?

ನನ್ನ ಪರಿಚಯದ ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದಾರೆ. ಬೀದಿಯವರೆಲ್ಲ ಅವರನ್ನು ಖಾಲಾ ಎನ್ನುತ್ತಾರೆ. ಅವರಿಗೆ ಎಎಫ್ ಎಂದು ತಿಳಿದಾಗ ಮನೆಯಲ್ಲಿ ಒಂದು ವಾರ ವಾದ ನಡೆಯಿತು. ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹಿರಿಯ ಮಗ ಮಾತ್ರೆ ಬೇಡವೆಂದರು. ದುಬೈಯಲ್ಲಿರುವ ಕಿರಿಯವರು ಫೋನಿನಲ್ಲಿ ಬೇಕೇ ಬೇಕೆಂದರು. ಸೊಸೆ ಹಿಜಾಮ ಮಾಡಿಸೋಣವೆಂದರು. ಅಳಿಯ ಯಾರೋ ಕಳಿಸಿದ ಕಷಾಯದ ವಿಡಿಯೋ ತೋರಿಸಿದರು. ಎಲ್ಲರಿಗೂ ಆ ತಾಯಿಯ ಮೇಲೆ ಪ್ರೀತಿಯೇ ಇತ್ತು. ಆದರೆ ಆಕೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಆಕೆ ಮಂಚದ ಮೇಲೆ ಕುಳಿತು ತಸ್‌ಬೀಹ್ ಎಣಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಕೊನೆಗೆ ಶಾಲೆಗೆ ಹೋಗುವ ಮೊಮ್ಮಗಳು, ‘ದಾದಿಮಾ, ನಿಮಗೇನು ಅನಿಸುತ್ತದೆ?’ ಎಂದು ಕೇಳಿದಳು. ಖಾಲಾ ಹೇಳಿದ್ದು ಇಷ್ಟು: ‘ಸಾವು ಬರಲಿ ಮಗಳೇ, ಅದು ಅಲ್ಲಾಹನ ಕೈಯಲ್ಲಿದೆ. ನನಗೆ ಭಯ ಇರುವುದು ಇನ್ನೊಬ್ಬರು ಎತ್ತಿ ಶೌಚಕ್ಕೆ ಕರೆದೊಯ್ಯುವ ದಿನದ್ದು. ನನ್ನ ವುಝೂ ನಾನೇ ಮಾಡುವಂತಿರಬೇಕು. ನಿನ್ನ ಹೆಸರು ನನ್ನ ಬಾಯಿಂದ ಹೊರಡುವಂತಿರಬೇಕು. ಅದಕ್ಕೆ ಮಾತ್ರೆ ಸಹಾಯ ಮಾಡುವುದಾದರೆ ಕೊಡಿ. ಅಲ್ಪಸ್ವಲ್ಪ ರಕ್ತ ಬಂದರೆ ಒರೆಸಿಕೊಳ್ಳೋಣ.’

ವಾದ ಅಲ್ಲಿಗೆ ಮುಗಿಯಿತು. ಖಾಲಾಗೆ ಐಎನ್‌ಆರ್ ಗೊತ್ತಿಲ್ಲ, ಅಂಕಗಳ ಲೆಕ್ಕ ಗೊತ್ತಿಲ್ಲ. ಆದರೆ ತನಗೆ ಯಾವುದು ಹೆಚ್ಚು ಬೆಲೆಯುಳ್ಳದ್ದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಇನ್ನೊಬ್ಬ ಹಿರಿಯರು ಎಲ್ಲವನ್ನೂ ತಿಳಿದುಕೊಂಡು ‘ನನಗೆ ಬೇಡ’ ಎನ್ನಬಹುದು. ಕ್ಯಾನ್ಸರ್‌ನಂತಹ ಕಾಯಿಲೆ ಇದ್ದವರಿಗೆ, ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆದವರಿಗೆ ವೈದ್ಯರೇ ಬೇಡವೆನ್ನಬಹುದು. ಮಾತ್ರೆ ಒಗ್ಗದ ಕೆಲವರಿಗೆ ಹೃದಯದ ಆ ಪುಟ್ಟ ಚೀಲವನ್ನೇ ಸಾಧನದಿಂದ ಮುಚ್ಚುವ ದುಬಾರಿ ವಿಧಾನವೂ ದೊಡ್ಡ ಆಸ್ಪತ್ರೆಗಳಲ್ಲಿದೆ. ತಿಳಿದು ಬೇಡವೆನ್ನುವುದು ಬೇರೆ, ಕೇಳದೆಯೇ ಅವರ ಪರವಾಗಿ ನಾವು ಬೇಡವೆನ್ನುವುದು ಬೇರೆ. ತಂದೆತಾಯಿಯರ ಸೇವೆ ಎಂದರೆ ಅವರ ಪರವಾಗಿ ಮಾತನಾಡುವುದು ಮಾತ್ರವಲ್ಲ, ಅವರ ಮಾತನ್ನು ಕೇಳುವುದೂ ಹೌದು.

‘ಅಲ್ಲಾಹನ ಮೇಲೆ ಭರವಸೆ ಇಟ್ಟಿದ್ದೇವೆ, ಔಷಧ ಏಕೆ?’ ಎನ್ನುವವರಿಗೆ ಒಂಟೆಯನ್ನು ಕಟ್ಟುವ ಕುರಿತು ಪ್ರವಾದಿ(ಸ)ಯವರು ಹೇಳಿದ್ದನ್ನು ನೆನಪಿಸಿದರೆ ಸಾಕು. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ಸೊಪ್ಪು, ಹಿಜಾಮ, ರಮಝಾನ್

ವಾರ್ಫರಿನ್ ಮತ್ತು ಅಸಿಟ್ರಾಂ ಕೆಲಸ ಮಾಡುವುದು ವಿಟಮಿನ್ ‘ಕೆ’ಯನ್ನು ತಡೆದು. ಆ ವಿಟಮಿನ್ ಪಾಲಕ್, ನುಗ್ಗೆಸೊಪ್ಪು, ಎಲೆಕೋಸು ಮುಂತಾದವುಗಳಲ್ಲಿ ಹೇರಳ. ಹಾಗೆಂದು ಸೊಪ್ಪನ್ನೇ ಬಿಡಬೇಕಾಗಿಲ್ಲ. ಮುದ್ದೆಯ ಜೊತೆ ಮಸ್ಸೊಪ್ಪು ತಿನ್ನುವ ಮನೆಯವರು ತಿನ್ನಲಿ. ವಾರವಾರವೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಲಿ. ಒಂದು ತಿಂಗಳು ಬಿಟ್ಟು, ಮುಂದಿನ ತಿಂಗಳು ದಿನವೂ ತಿಂದರೆ ಐಎನ್‌ಆರ್ ಏರುಪೇರಾಗುತ್ತದೆ.

ಹಿಜಾಮದಲ್ಲಿ ಚರ್ಮಕ್ಕೆ ಗೀರು ಹಾಕಿ ರಕ್ತ ತೆಗೆಯುತ್ತಾರೆ. ಹೆಪ್ಪು ತಡೆಯುವ ಮಾತ್ರೆಯಲ್ಲಿರುವವರಿಗೆ ಇದು ಅಪಾಯ. ವೈದ್ಯರ ಒಪ್ಪಿಗೆ ಇಲ್ಲದೆ ಮಾಡಿಸಬೇಡಿ, ಹಿಜಾಮಕ್ಕಾಗಿ ಮಾತ್ರೆಯನ್ನೂ ಬಿಡಬೇಡಿ. ಕಲೌಂಜಿ ಎಣ್ಣೆ, ಬೆಳ್ಳುಳ್ಳಿಯ ಕ್ಯಾಪ್ಸೂಲ್, ಕಷಾಯಗಳನ್ನು ಔಷಧದಂತೆ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ. ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಸೊಂಟಕ್ಕೆ ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ಕೇಳುವ ಅಭ್ಯಾಸವೂ ಬೇಡ. ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳಬಹುದು. ಹಲ್ಲು ಕೀಳಿಸುವ ಮುನ್ನ ಮಾತ್ರೆಯ ಚೀಟಿ ತೋರಿಸಿ.

ರಮಝಾನ್‌ನಲ್ಲಿ ದಿನಕ್ಕೊಂದು ಮಾತ್ರೆ ಇರುವವರಿಗೆ ಕಷ್ಟವಿಲ್ಲ, ಇಫ್ತಾರ್ ನಂತರ ತೆಗೆದುಕೊಳ್ಳಬಹುದು. ರಿವರಾಕ್ಸಬಾನ್ ಅನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ದಿನಕ್ಕೆರಡು ಬಾರಿಯ ಮಾತ್ರೆಗೆ ಸಹ್ರಿ ಮತ್ತು ಇಫ್ತಾರ್ ನಡುವಿನ ಅಂತರ ಸಮನಾಗಿರುವುದಿಲ್ಲ. ತಿಂಗಳು ಶುರುವಾಗುವ ಮುನ್ನವೇ ವೈದ್ಯರೊಡನೆ ಮಾತನಾಡಿ. ಮೂತ್ರಪಿಂಡ ಸರಿಯಿಲ್ಲದವರಿಗೆ, ಬಹಳ ನಿತ್ರಾಣ ಇರುವವರಿಗೆ ಶರೀಅತ್ ನೀಡಿರುವ ರಿಯಾಯಿತಿ ಇದೆ. ಅದನ್ನು ಬಳಸಿಕೊಳ್ಳುವುದು ಕೀಳಲ್ಲ. ಹಜ್ಜ್, ಉಮ್ರಾಕ್ಕೆ ಹೋಗುವವರು ಕೆಲವು ದಿನಕ್ಕೆ ಹೆಚ್ಚಾಗುವಷ್ಟು ಮಾತ್ರೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ. ಪುರುಷರು ತಲೆ ಬೋಳಿಸಲು ಬ್ಲೇಡಿನ ಬದಲು ಯಂತ್ರದಿಂದ ಕೂದಲು ಕತ್ತರಿಸಿಕೊಳ್ಳುವುದು ಕ್ಷೇಮ.

ಮಾತ್ರೆ ಹಲಾಲೇ ಎಂದು ಕೇಳುವವರಿದ್ದಾರೆ. ವಾರ್ಫರಿನ್, ಅಪಿಕ್ಸಬಾನ್ ಮೊದಲಾದ ಔಷಧಾಂಶಗಳನ್ನು ರಾಸಾಯನಿಕವಾಗಿ ತಯಾರಿಸುತ್ತಾರೆ. ಆಸ್ಪತ್ರೆಯಲ್ಲಿ ಕೊಡುವ ಹೆಪಾರಿನ್ ಇಂಜೆಕ್ಷನ್ ಮಾತ್ರ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ಬರುತ್ತದೆ. ಜೀವಕ್ಕೆ ಅಪಾಯವಿದ್ದು ಬೇರೆ ದಾರಿ ಇಲ್ಲದಾಗ ನಿಷಿದ್ಧವಾದುದೂ ಅನುಮತಿಸಲ್ಪಡುತ್ತದೆ ಎಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ಬದಲಿ ಔಷಧ ಇದೆಯೇ ಎಂದು ಕೇಳಬಹುದು. ಇಲ್ಲವೆಂದರೆ ಚಿಕಿತ್ಸೆಯನ್ನು ತಡೆಹಿಡಿಯಬಾರದು.

ವೈದ್ಯರನ್ನು ಏನು ಕೇಳಬೇಕು?

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ:

1. ನಮ್ಮವರಿಗೆ ಎಷ್ಟು ಅಂಕ? ಕವಾಟದ ತೊಂದರೆ ಇದೆಯೇ?
2. ಮಾತ್ರೆ ಇಲ್ಲದಿದ್ದರೆ ಅಪಾಯ ಎಷ್ಟು, ಇದ್ದರೆ ಎಷ್ಟು?
3. ರಕ್ತಸ್ರಾವ ಹೆಚ್ಚಿಸುವ ಯಾವ ಕಾರಣವನ್ನು ನಾವು ಸರಿಪಡಿಸಬಹುದು? ಬಿಪಿ ಹತೋಟಿ, ನೋವಿನ ಮಾತ್ರೆ ಬಿಡುವುದು ಇತ್ಯಾದಿ.
4. ನಮ್ಮ ಕೈಗೆಟಕುವ ಮಾತ್ರೆ ಯಾವುದು? ಪರೀಕ್ಷೆ ಯಾವಾಗ, ಎಲ್ಲಿ?
5. ಒಂದು ಹೊತ್ತು ಮರೆತರೆ ಏನು ಮಾಡಬೇಕು? (ಎರಡನ್ನು ಒಟ್ಟಿಗೆ ನುಂಗಬಾರದು.)

ಮಾತ್ರೆಯಲ್ಲಿರುವವರಿಗೆ ಮಲ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ, ಒತ್ತಿ ಹಿಡಿದರೂ ಹತ್ತು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ ಕಾಯಬೇಡಿ. ತಲೆಗೆ ಬಿದ್ದ ಪೆಟ್ಟು ಮೇಲ್ನೋಟಕ್ಕೆ ಏನೂ ಇಲ್ಲದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಹಾಗೆಯೇ ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ. ಲಕ್ವಾಕ್ಕೆ ಎಣ್ಣೆ ಹಚ್ಚುತ್ತಾ, ಪಾರಿವಾಳದ ರಕ್ತ ಹುಡುಕುತ್ತಾ ಹೊತ್ತು ಕಳೆಯಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಗಳ ಗಡುವಿದೆ. ಅದನ್ನು ಕೊಡಬಹುದೇ ಎಂದು ತೀರ್ಮಾನಿಸಲು ವೈದ್ಯರಿಗೆ ಮಾತ್ರೆಯ ಹೆಸರೂ ಕೊನೆಯ ಸಲ ನುಂಗಿದ ಹೊತ್ತೂ ಬೇಕು. ಹಾಗಾಗಿ ಆ ಚೀಟಿ ಹಿರಿಯರ ಜೇಬಿನಲ್ಲಿ, ಬ್ಯಾಗಿನಲ್ಲಿ ಸದಾ ಇರಲಿ.

ಮಾತ್ರೆ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ಆದರೆ ಉತ್ತರ ಹುಡುಕುವ ಸರಿಯಾದ ದಾರಿ ಒಂದಿದೆ. ಎರಡು ಅಪಾಯಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು, ವೈದ್ಯರನ್ನು ಕೇಳಬೇಕು, ಹಿರಿಯರನ್ನು ಕೂರಿಸಿಕೊಂಡು ಕೇಳಬೇಕು. ತೀರ್ಮಾನಿಸಿದ ಮೇಲೆ ನೆರೆಯವರ ಮಾತಿಗೆ, ಫೋನಿಗೆ ಬಂದ ವಿಡಿಯೋಗೆ ಅದನ್ನು ಬದಲಿಸಬಾರದು. ಈ ಪತ್ರಿಕೆಯನ್ನು ಕೆಳಗಿಟ್ಟ ಮೇಲೆ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಒಂದು ನಿಮಿಷ ಅವರ ಮಣಿಕಟ್ಟು ಹಿಡಿಯಿರಿ. ಬಡಿತ ಸಮನಾಗಿದ್ದರೆ ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿ. ಸಮನಾಗಿಲ್ಲದಿದ್ದರೆ ನಾಳೆಯೇ ಒಂದು ಇಸಿಜಿ ಮಾಡಿಸಿರಿ.